ಮೊದಲು ಗೋಡೆ, ಆಮೇಲೆ ಶಾಖ

ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ, ಹೊಸೂರು, ಊರು ಯಾವುದೇ ಇರಲಿ, ಅಮೆರಿಕದಲ್ಲೋ ಕೆನಡಾದಲ್ಲೋ ಮಗ, ಮಗಳು, ಅಳಿಯ ಎಂದು ಒಬ್ಬರಿರುವ ಮನೆಗಳು ನಮ್ಮ ವ್ಯಾಪಾರಸ್ಥ ಕುಟುಂಬಗಳಲ್ಲಿ ಈಗ ಅಪರೂಪವಲ್ಲ. ಅಲ್ಲಿ ಆರು ತಿಂಗಳಿದ್ದು ಬಂದ ಹಿರಿಯರು ಹೇಳುವ ಸಂಗತಿಗಳಲ್ಲಿ ಗ್ಯಾರೇಜಿನದೂ ಒಂದು. "ಐದು ದಿನ ಕಂಪ್ಯೂಟರ್ ಮುಂದೆ ಕೂಡುವ ಹುಡುಗ ಶನಿವಾರ ಬಂತೆಂದರೆ ಗರಗಸ ಹಿಡಿಯುತ್ತಾನೆ" ಎಂದು ಅರ್ಧ ಬೆರಗಿನಿಂದ, ಅರ್ಧ ಬೇಸರದಿಂದ ಹೇಳುತ್ತಾರೆ. ಬೇಸರಪಡಬೇಕಾದ್ದಿಲ್ಲ. ಅಲ್ಲಿ ಬಡಗಿ, ಗೌಂಡಿಗಳ ಕೂಲಿ ಸಾಮಾನಿನ ಬೆಲೆಯನ್ನೂ ಮೀರುವುದುಂಟು. ಹಾಗಾಗಿ ಕಪಾಟು, ಮೇಜುಗಳನ್ನು ಮನೆಯವರೇ ಮಾಡಿಕೊಳ್ಳುವ ರೂಢಿ ಬೆಳೆದಿದೆ. ಅದಕ್ಕೆ ಜಾಗವೆಂದರೆ ಗ್ಯಾರೇಜು.

ಆದರೆ ಚಿಕಾಗೋ, ಟೊರಾಂಟೋ ಕಡೆಯ ಚಳಿಗಾಲದಲ್ಲಿ ಆ ಗ್ಯಾರೇಜಿನಲ್ಲಿ ನಿಲ್ಲಲಾಗದು. 2019ರ ಜನವರಿ 30ರಂದು ಚಿಕಾಗೋದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಕೈಗವಸು ಹಾಕಿಕೊಂಡು ತಿರುಗುವ ಗರಗಸದ ಮುಂದೆ ನಿಲ್ಲುವುದು ಅಪಾಯ. ಹಾಕಿಕೊಳ್ಳದಿದ್ದರೆ ಬೆರಳು ಮರಗಟ್ಟುತ್ತದೆ. ಆಗ ಹುಡುಗರಿಗೆ ಮೊದಲು ತೋಚುವುದು ಪೇಟೆಗೆ ಹೋಗಿ ಒಂದು ಹೀಟರ್ ಹೊತ್ತು ತರುವುದು. ಈ ಲೇಖನಕ್ಕೆ ಅದೇ ಕಾರಣ. ಮಲಗುವ ಕೋಣೆ ಗ್ಯಾರೇಜಿನ ಮಗ್ಗುಲಿಗೋ ಮೇಲೆಯೋ ಇರುವ ಮನೆಯಲ್ಲಿ ಕೆಲಸದ ಕ್ರಮ ತಪ್ಪಿದರೆ ನಷ್ಟ ಬರಿಯ ಹಣದ್ದಲ್ಲ.

ನಮ್ಮ ಹಳೆಯ ಮಾಳಿಗೆ ಮನೆಗಳ ಗೋಡೆ ಕಲ್ಲು ಮಣ್ಣಿನದು, ಮೊಳಕ್ಕೂ ಮೀರಿದ ದಪ್ಪದ್ದು. ಅಲ್ಲಿನದು ಮರದ ಚೌಕಟ್ಟು. ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿದ ಮರದ ಪಟ್ಟಿಗಳಿಗೆ ಸ್ಟಡ್ ಎನ್ನುತ್ತಾರೆ. 'ಎರಡು ನಾಲ್ಕು' ಎಂದು ಅದರ ಹೆಸರು. ಪಟ್ಟಿ ಹಿಡಿದು ಅಳೆದರೆ ಒಂದೂವರೆ ಇಂಚು, ಮೂರೂವರೆ ಇಂಚು ಮಾತ್ರ. ಗಜದ ಲೆಕ್ಕದಲ್ಲಿ ಬಟ್ಟೆ ಮಾರಿದ ನಮ್ಮವರಿಗೆ ಈ ಅಳತೆ ಒಪ್ಪುವುದು ಕಷ್ಟವೇ! ಮನೆಯೊಳಗೆ ಈ ಸ್ಟಡ್‌ಗಳ ಮೇಲೆ ಹಲಗೆ ಮುಚ್ಚಿರುತ್ತದೆ. ಗ್ಯಾರೇಜಿನ ಹೊರಗೋಡೆಗಳನ್ನು ಮಾತ್ರ ಹಲವು ಕಡೆ ಒಳಗಿನಿಂದ ಬರಿದೇ ಬಿಟ್ಟಿರುತ್ತಾರೆ. ಅಂಥ ಗೋಡೆಯ ನಡುವೆ ಹೀಟರ್ ಹಚ್ಚುವುದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ.

ಮುಚ್ಚುವ ಆ ಹಲಗೆಯೇ ಡ್ರೈವಾಲ್. ಎರಡು ದಪ್ಪ ಕಾಗದಗಳ ನಡುವೆ ಜಿಪ್ಸಮ್ ತುಂಬಿ ಮಾಡಿದ್ದು. ಈಗ ನಮ್ಮ ಊರುಗಳ ಅಂಗಡಿಗಳ ಒಳಛಾವಣಿಗೆ ಹಾಕುವ ಬಿಳಿ ಹಲಗೆಯೂ ಇದೇ ಜಾತಿಯದು. ಅಮೆರಿಕದ ಆಗಸ್ಟೀನ್ ಸ್ಯಾಕೆಟ್ ಎಂಬಾತ 1894ರಲ್ಲಿ ಇದರ ಮೊದಲ ರೂಪಕ್ಕೆ ಪೇಟೆಂಟ್ ಪಡೆದ. 'ಶೀಟ್‌ರಾಕ್' ಎಂಬ ಪ್ರಸಿದ್ಧ ಹೆಸರು 1917ರದು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮರಳಿದಾಗ ಲಕ್ಷಗಟ್ಟಲೆ ಮನೆಗಳನ್ನು ಬೇಗ ಕಟ್ಟಬೇಕಾಯಿತು. ವಾರಗಟ್ಟಲೆ ಒಣಗುವ ಒದ್ದೆ ಗಾರೆಯನ್ನು ಈ ಒಣ ಹಲಗೆ ಹಿಂದೆ ಹಾಕಿತು.

ಇದನ್ನು ಅಂದಕ್ಕೆ ಹಾಕುವುದು ಎಂದು ತಿಳಿದವರೇ ಹೆಚ್ಚು. ನಿಜದಲ್ಲಿ ಇದು ಬೆಂಕಿಯ ಕಾವಲು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರು, ಅದೂ ಹರಳಿನೊಳಗೆ ಕಟ್ಟಿಹೋದ ನೀರು. ಬೆಂಕಿ ತಗುಲಿದಾಗ ಆ ನೀರು ಆವಿಯಾಗುತ್ತ ಶಾಖವನ್ನು ಕುಡಿಯುತ್ತದೆ. ನೀರು ತೀರುವವರೆಗೆ ಹಲಗೆಯ ಹಿಂಬದಿ ಕುದಿನೀರಿನ ಬಿಸಿಯನ್ನು ಹೆಚ್ಚು ದಾಟುವುದಿಲ್ಲ. ಹಿಂದಿನ ಮರ ಅಷ್ಟು ಹೊತ್ತು ಉಳಿಯುತ್ತದೆ. ಮಲಗಿದ್ದವರು ಎದ್ದು ಮಕ್ಕಳನ್ನೆತ್ತಿಕೊಂಡು ಹೊರಬೀಳಲು ಸಿಗುವ ಸಮಯ ಅದೇ. ಐದೆಂಟಾಂಶ ಇಂಚಿನ 'ಟೈಪ್ ಎಕ್ಸ್' ಎಂಬ ಹಲಗೆಯಲ್ಲಿ ಗಾಜಿನ ನೂಲೂ ಸೇರಿರುವುದರಿಂದ ಅದು ಇನ್ನೂ ಹೊತ್ತು ತಾಳುತ್ತದೆ.

ಅಮೆರಿಕದ ಬಹುಭಾಗದಲ್ಲಿ ಅನುಸರಿಸುವ ವಸತಿ ಕಟ್ಟಡ ಸಂಹಿತೆ ಇದನ್ನೇ ಹೇಳುತ್ತದೆ. ಮನೆಗೂ ಗ್ಯಾರೇಜಿಗೂ ನಡುವಣ ಗೋಡೆಗೆ ಗ್ಯಾರೇಜಿನ ಬದಿಯಿಂದ ಕನಿಷ್ಠ ಅರ್ಧ ಇಂಚಿನ ಹಲಗೆ ಬೇಕು. ಮೇಲೆ ವಾಸದ ಕೋಣೆಯಿದ್ದರೆ ಛಾವಣಿಗೆ ಟೈಪ್ ಎಕ್ಸ್ ಬೇಕು. ಗ್ಯಾರೇಜಿನಿಂದ ಮಲಗುವ ಕೋಣೆಗೆ ನೇರ ಬಾಗಿಲು ಇರಕೂಡದು. ಊರೂರಿಗೆ ತಿದ್ದುಪಡಿಗಳಿರುವುದರಿಂದ ನಗರಸಭೆಯ ಕಟ್ಟಡ ವಿಭಾಗದಲ್ಲಿ ಮೊದಲೇ ಕೇಳಿ ಪರವಾನಗಿ ಪಡೆಯಬೇಕು. ಉಪಕರಣ ತೂಗುಹಾಕಲು ಅನುಕೂಲವೆಂದು ಕೆಲವರು ಹಲಗೆಯ ಬದಲು ಪ್ಲೈವುಡ್ ಬಡಿಯುತ್ತಾರೆ. ಮನೆಗೆ ತಾಗಿದ ಗೋಡೆಯಲ್ಲಿ ಅದು ಸಲ್ಲದು. ಪ್ಲೈವುಡ್ ಬೇಕೇ ಬೇಕಾದರೆ ಜಿಪ್ಸಮ್ ಹಲಗೆಯ ಮೇಲೆ ಇನ್ನೊಂದು ಪದರವಾಗಿ ಹಾಕಲಿ.

ಹಲಗೆ ಮುಚ್ಚುವ ಮುಂಚೆ ಒಳಗಿನ ಕೆಲಸ ಮುಗಿಯಬೇಕು. ವಿದ್ಯುತ್ ತಂತಿ ಎಳೆಸಿ, ತಪಾಸಣೆಯವರು ನೋಡಿ ಒಪ್ಪಿದ ಮೇಲೆ, ಸ್ಟಡ್‌ಗಳ ನಡುವೆ ಗಾಜಿನ ಉಣ್ಣೆ ಇಲ್ಲವೆ ಕಲ್ಲಿನ ಉಣ್ಣೆ ತುಂಬುತ್ತಾರೆ. ಅದನ್ನು ಒತ್ತಿ ತುರುಕಿದರೆ ಗುಣ ಕಡಿಮೆ. ನಮ್ಮ ರಜಾಯಿಯ ಹತ್ತಿಯಂತೆ ಉಬ್ಬಿಕೊಂಡಿರಬೇಕು. ಚಳಿಸೀಮೆಯಲ್ಲಿ ಅದರ ಬೆಚ್ಚನೆಯ ಬದಿಗೆ, ಅಂದರೆ ಒಳಬದಿಗೆ, ತೇವ ತಡೆಯುವ ಪದರ ಇರುತ್ತದೆ. ಇಲ್ಲವಾದರೆ ಒಳಗಿನ ಬಿಸಿಗಾಳಿಯ ಆವಿ ಗೋಡೆಯೊಳಗೆ ತಣಿದು ನೀರಾಗಿ ಮರ ಕೊಳೆಯುತ್ತದೆ. ಮುಚ್ಚುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಂಡರೆ ತಂತಿ ಎಲ್ಲಿದೆ, ಸ್ಟಡ್ ಎಲ್ಲಿದೆ ಎಂದು ಮುಂದೆ ತಡಕಾಡಬೇಕಿಲ್ಲ.

ಹಲಗೆಯ ಲೆಕ್ಕ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ, ಆದರೂ ಒಂದು ಉದಾಹರಣೆ. 24 ಅಡಿ ಚೌಕದ, 8 ಅಡಿ ಎತ್ತರದ ಗ್ಯಾರೇಜಿಗೆ ದೊಡ್ಡ ಬಾಗಿಲು ಬಿಟ್ಟು ಗೋಡೆ, ಛಾವಣಿ ಸೇರಿ ಸುಮಾರು 1,230 ಚದರ ಅಡಿ. 4 ಅಡಿ, 8 ಅಡಿಯ ಹಲಗೆ 32 ಚದರ ಅಡಿ. ನೂರಕ್ಕೆ ಹತ್ತು ಪೋಲು ಹಿಡಿದರೆ 42–43 ಹಲಗೆ. ಅರ್ಧ ಇಂಚಿನದು ಒಂದೊಂದೂ 20ರಿಂದ 25 ಕಿಲೋ ತೂಗುತ್ತದೆ. ಛಾವಣಿಗೆ ಒಬ್ಬನೇ ಎತ್ತುವುದು ಬೇಡ, ಎತ್ತುವ ಯಂತ್ರ ಬಾಡಿಗೆಗೆ ಸಿಗುತ್ತದೆ. ಛಾವಣಿ ಮೊದಲು, ಗೋಡೆ ನಂತರ. ಕಾಂಕ್ರೀಟ್ ನೆಲಕ್ಕೆ ತಾಗದಂತೆ ಅರ್ಧ ಇಂಚು ಎತ್ತರಿಸಬೇಕು, ಕರಗಿದ ಹಿಮದ ನೀರನ್ನು ಕಾಗದ ಹೀರುತ್ತದೆ. ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ ಮೂರು ಸಲ ಲೇಪ ಹಚ್ಚಿ ಉಜ್ಜುತ್ತಾರೆ. ಉಜ್ಜುವಾಗ ಮೂಗಿಗೆ ಒಳ್ಳೆಯ ಮುಖಗವಸು ಇರಲಿ. ಈ ಲೇಪ ಕೊರೆಯುವ ಚಳಿಯಲ್ಲಿ ಒಣಗದು. ಆದ್ದರಿಂದ ಕೆಲಸವನ್ನು ಅಕ್ಟೋಬರಿನೊಳಗೆ ಮುಗಿಸುವುದೇ ಜಾಣತನ.

ಇನ್ನು ಶಾಖ. ಅಲ್ಲಿನ ಸಾಮಾನ್ಯ ಪ್ಲಗ್ಗು 120 ವೋಲ್ಟ್‌ನದು. ಅದಕ್ಕೆ ಚುಚ್ಚುವ ಹೀಟರು ಹೆಚ್ಚೆಂದರೆ 1,500 ವ್ಯಾಟ್. ಎರಡು ಕಾರಿನ ಗ್ಯಾರೇಜಿಗೆ ಅದು ಸಾಲದು. 5,000 ವ್ಯಾಟ್‌ನ ಹೀಟರಿಗೆ 240 ವೋಲ್ಟ್, 30 ಆಂಪಿಯರಿನ ಪ್ರತ್ಯೇಕ ಸಂಪರ್ಕ ಬೇಕು. ಉದ್ದನೆಯ ವಯರು ಎಳೆದು ಸುಧಾರಿಸುವ ಮಾತಲ್ಲ. ಹೀಟ್ ಪಂಪ್ ಎಂಬ ಗೋಡೆಯ ಯಂತ್ರ ಹೊರಗಾಳಿಯಲ್ಲಿರುವ ಶಾಖವನ್ನು ಒಳಗೆ ಸಾಗಿಸುತ್ತದೆ. ಹಿತವಾದ ಚಳಿಯಲ್ಲಿ ಒಂದು ಪಾಲು ವಿದ್ಯುತ್ತಿಗೆ ಎರಡು ಮೂರು ಪಾಲು ಶಾಖ ಕೊಡುತ್ತದೆ. ಕೊಂಡಾಗ ದುಬಾರಿ, ಬಳಸುತ್ತ ಅಗ್ಗ. ಮರದ ಪುಡಿ ಹಾರುವ ಕಡೆ ಅದರ ಜಾಲರಿಯನ್ನು ಪದೇ ಪದೇ ತೊಳೆಯಬೇಕು. ಅನಿಲದ ಹೀಟರ್ ಹಾಕುವುದಾದರೆ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಮುಚ್ಚಿದ ಜಾತಿಯದನ್ನೇ ಆರಿಸಬೇಕು. ಕಿಡಿ ಹುಟ್ಟುವ ಭಾಗ ನೆಲದಿಂದ ಕನಿಷ್ಠ 18 ಇಂಚು ಮೇಲಿರಬೇಕೆಂಬ ನಿಯಮವೂ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿಯುತ್ತದೆ.

ಹೊಗೆಕೊಳವೆಯಿಲ್ಲದ ಸೀಮೆಎಣ್ಣೆಯ ಹೀಟರ್, ಗ್ಯಾಸ್ ಸಿಲಿಂಡರಿನ ಹೀಟರ್ ಮಾತ್ರ ಬೇಡವೇ ಬೇಡ. ಬೆಲೆ ಕಡಿಮೆ, ಶಾಖ ಬಲು ಬೇಗ, ಮೋಸ ಹೋಗುವುದು ಅಲ್ಲೇ. ಬೆಚ್ಚಗಿರಲೆಂದು ಸಂದುಗೊಂದು ಮುಚ್ಚಿದ ಕೋಣೆಯಲ್ಲಿ ಉರಿ ಉಸಿರುಗಟ್ಟಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗ ಆಯಾಸವೆಂದುಕೊಂಡು ಒರಗಿದವರು ಏಳದೆ ಹೋದದ್ದುಂಟು. ನಡುಗೋಡೆಯ ಸಣ್ಣ ಸಂದಿನಿಂದ ಅದು ಮಲಗುವ ಕೋಣೆಗೂ ದಾಟುತ್ತದೆ. ದೊಡ್ಡ ಬಾಗಿಲು ತೆರೆದಿದೆಯಲ್ಲ ಎಂದು ಕಾರನ್ನು ಒಳಗೇ ಚಾಲೂ ಮಾಡಿ ಬಿಸಿಯಾಗಲು ಬಿಡುವುದೂ ಇಷ್ಟೇ ಅಪಾಯ. ಈ ಅನಿಲ ಸೋಂಕಿದೊಡನೆ ಕೂಗುವ ಎಚ್ಚರಿಕೆ ಯಂತ್ರ ಮಲಗುವ ಕೋಣೆಗಳ ಹೊರಗೆ ಇರಲೇಬೇಕು. ಮನೆಯ ಕುಲುಮೆಯಿಂದ ಗ್ಯಾರೇಜಿಗೊಂದು ಕೊಳವೆ ತಿರುಗಿಸಿದರೆ ಪುಕ್ಕಟೆ ಶಾಖ ಬಂತಲ್ಲ ಎಂಬ ಯೋಚನೆಯನ್ನೂ ಸಂಹಿತೆ ನಿಷೇಧಿಸಿರುವುದು ಇದೇ ಕಾರಣಕ್ಕೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಹಿರಿಯರು ಈ ಎರಡು ಸಂಗತಿಯನ್ನಾದರೂ ಕೇಳಲಿ: ಹೀಟರು ಯಾವ ಜಾತಿಯದು, ಎಚ್ಚರಿಕೆ ಯಂತ್ರ ಹಾಕಿಸಿದೆಯೇ?

ಉಳಿದದ್ದು ದೊಡ್ಡ ಬಾಗಿಲು. ಗೋಡೆ ಎಷ್ಟೇ ಚೆನ್ನಾಗಿದ್ದರೂ 16 ಅಡಿಯ ತೆಳು ತಗಡಿನಿಂದ ಶಾಖ ಸೋರುತ್ತದೆ. ಒಳಗೆ ನೊರೆಹಲಗೆ ತುಂಬಿದ ಬಾಗಿಲು, ಸುತ್ತ ರಬ್ಬರ್ ಅಂಚು ಹಾಕಿಸಬೇಕು. ಕೆಲಸವಿಲ್ಲದ ದಿನ ಪೂರ್ತಿ ಆರಿಸದೆ ಎಂಟು ಹತ್ತು ಡಿಗ್ರಿಯಲ್ಲಿ ಇಟ್ಟರೆ ಸಾಕು. ಮರದ ಅಂಟು, ನೀರಿನ ಬಣ್ಣ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬರುವುದು ಅನುಮಾನ.