ಹಗೇವೂ ಕಡತವೂ

ಕಾಳು ಕೂಡಿಡುವ ವಿದ್ಯೆಯನ್ನು ನಮ್ಮ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನದ ರೊಟ್ಟಿಯ ಹಿಟ್ಟು ಅಡುಗೆಮನೆಯ ಡಬ್ಬಿಯಲ್ಲಿ, ತಿಂಗಳ ಜೋಳ ಪಡಸಾಲೆಯ ಚೀಲದಲ್ಲಿ. ವರ್ಷಗಟ್ಟಲೆ ಉಳಿಯಬೇಕಾದುದು ಹಿಂದಿನ ಕಾಲದಲ್ಲಿ ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು. ಹಗೇವಿನ ಬಾಯಿ ತೆರೆದ ಕೂಡಲೆ ಒಳಗಿಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗುವ ತನಕ ಕಾಯಬೇಕಾಗುತ್ತಿತ್ತು. ಹತ್ತಿರದ ಜಾಗ ಇಕ್ಕಟ್ಟು, ಆದರೆ ಬೇಗ. ದೂರದ ಜಾಗ ವಿಶಾಲ, ಆದರೆ ತಡ. ಗಣಕಯಂತ್ರದಲ್ಲಿ ಕಡತಗಳನ್ನು ಅಂತಸ್ತುಗಳಾಗಿ ವಿಂಗಡಿಸಿ ಇಡುವ ಏರ್ಪಾಡಿನ ತತ್ತ್ವವೂ ಇಷ್ಟೇ.

ಇಲ್ಲಿ ಡಬ್ಬಿಯ ಸ್ಥಾನದಲ್ಲಿರುವುದು ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಕೇಳಿದ್ದನ್ನು ಕಣ್ಣೆವೆ ಇಕ್ಕುವುದರೊಳಗೆ ಕೊಡುತ್ತದೆ, ಬೆಲೆ ಮಾತ್ರ ಹೆಚ್ಚು. ಚೀಲದ ಸ್ಥಾನದಲ್ಲಿ ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್. ಹಗೇವು ಎಂದರೆ ಟೇಪು. ಟೇಪಿನ ಕಾಲ ಮುಗಿಯಿತೆಂದು ತಿಳಿದವರುಂಟು. ಆದರೆ 2021ರಲ್ಲಿ ಬಂದ ಎಲ್‌ಟಿಒ-9 ಜಾತಿಯ, ಅಂಗೈಯಗಲದ ಒಂದು ಪೆಟ್ಟಿಗೆ 18 ಟೆರಾಬೈಟ್ ಹಿಡಿಯುತ್ತದೆ. ಕಪಾಟಿನಲ್ಲಿ ಕುಳಿತಿರುವಾಗ ಅದಕ್ಕೆ ವಿದ್ಯುತ್ತೇ ಬೇಡ. ಬೇಕೆಂದಾಗ ಸುರುಳಿ ಬಿಚ್ಚಿಕೊಂಡು ಆ ಜಾಗಕ್ಕೆ ಬರುವ ತನಕ ಕಾಯಬೇಕು, ಅಷ್ಟೆ. ಇದೇನೂ ಹೊಸ ಯೋಚನೆಯಲ್ಲ. ಜೇನುಗೂಡಿನಂಥ ಕಪಾಟಿನಿಂದ ಟೇಪುಗಳನ್ನು ತಾನೇ ತೆಗೆದು ಡಿಸ್ಕಿಗೆ ತುಂಬುವ 3850 ಎಂಬ ಯಂತ್ರವನ್ನು ಐಬಿಎಂ ಕಂಪನಿ 1974ರಲ್ಲಿಯೇ ಪ್ರಕಟಿಸಿತ್ತು.

ಚೀಲದಿಂದ ಡಬ್ಬಿಗೆ ತುಂಬುವವಳು ಮನೆಯಲ್ಲಿ ಅವ್ವ. ಯಂತ್ರದೊಳಗೆ ಈ ಕೆಲಸ ಮಾಡುವವರು ಯಾರು? ಹೊತ್ತು ಗೊತ್ತುಮಾಡಿ ಒಪ್ಪಿಸಿದ ಒಂದು ಚಾಕರಿ. 1979ರ ಯುನಿಕ್ಸಿನ ಏಳನೆಯ ಆವೃತ್ತಿಯಲ್ಲಿದ್ದ ‘ಕ್ರಾನ್’ ಎಂಬ ಸೇವಕ ಇಂದಿಗೂ ಬೇರೆ ಬೇರೆ ರೂಪದಲ್ಲಿ ದುಡಿಯುತ್ತಿದ್ದಾನೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ—ಈ ಐದನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರೆ ಆ ಹೊತ್ತಿಗೆ ಸರಿಯಾಗಿ ಹೇಳಿದ ಕೆಲಸ ಮಾಡುತ್ತಾನೆ. 2013ರಲ್ಲಿ ಬಂದ ವಿಂಡೋಸ್ ಸರ್ವರ್ 2012 ಆರ್‌2 ಇದೇ ಮಾದರಿಯದು. ಹಗಲೆಲ್ಲ ಯಾವ ಭಾಗವನ್ನು ಎಷ್ಟು ಸಲ ಕೇಳಿದರೆಂದು ಲೆಕ್ಕವಿಟ್ಟು, ರಾತ್ರಿ 1 ಗಂಟೆಗೆ, ಹೆಚ್ಚು ಕೇಳಿದ್ದನ್ನು ಮೇಲಿನ ಅಂತಸ್ತಿಗೂ ಕೇಳದಿದ್ದುದನ್ನು ಕೆಳಕ್ಕೂ ಸಾಗಿಸುತ್ತದೆ. ಕಡತವನ್ನು ಇಡಿಯಾಗಿ ಅಲ್ಲ, ಒಂದೊಂದು ಮೆಗಾಬೈಟಿನ ತುಂಡಾಗಿ!

ರಾತ್ರಿ 1 ಗಂಟೆ ಎಂಬುದು ಅವರ ಊರಿಗೆ ಸರಿ. ಸಿಂಧನೂರಿನಲ್ಲಿ ನನ್ನ ಸೋದರಮಾವನವರ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿ ಕೂರುತ್ತೇನೆ. ಮದುವೆಯ ಕಾರ್ಡುಗಳು, ಪರೀಕ್ಷೆಯ ಅರ್ಜಿಗಳು, ರೈತರು ಸ್ಕ್ಯಾನ್ ಮಾಡಿಸಿ ‘ಇಲ್ಲೇ ಇರಲಿ’ ಎಂದು ಬಿಟ್ಟುಹೋದ ಕಾಗದಗಳು, ಹೀಗೆ ಕಡತಗಳು ಬೆಳೆಯುತ್ತಲೇ ಇವೆ. ಆದರೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸುವುದು ಅಲ್ಲಿನ ಪದ್ಧತಿ. ಕ್ರಾನ್ ನಿಷ್ಠಾವಂತನೇನೋ ಹೌದು. ಆದರೆ ಗೊತ್ತಾದ ಹೊತ್ತಿನಲ್ಲಿ ಯಂತ್ರ ಆರಿದ್ದರೆ ಆ ದಿನದ ಕೆಲಸ ಬಿಟ್ಟೇಹೋಯಿತು. ತಪ್ಪಿದ್ದನ್ನು ಮರಳಿ ಹೊತ್ತಿಸಿದಾಗ ಮಾಡಿ ಮುಗಿಸುವ ‘ಅನಾಕ್ರಾನ್’ ಎಂಬ ಬೇರೊಬ್ಬನುಂಟು. ನಾನಾದರೋ ಮಧ್ಯಾಹ್ನ 2 ಗಂಟೆಯನ್ನೇ ಆರಿಸಿಕೊಂಡೆ. ನಮ್ಮೂರ ಬಿಸಿಲಿನಲ್ಲಿ ಆಗ ಗಿರಾಕಿಯ ಸುಳಿವಿರುವುದಿಲ್ಲ. ಗಡಿಯಾರದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅನೇಕ ಯಂತ್ರಗಳು ಗ್ರೀನಿಚ್ ವೇಳೆಯಲ್ಲಿ ನಡೆಯುತ್ತವೆ. ಅವುಗಳಿಗೆ ಬೆಳಗಿನ 5 ಎಂದು ಬರೆದರೆ ನಮ್ಮಲ್ಲಿ 10-30, ಅಂದರೆ ಜನ ಸಾಲುಗಟ್ಟಿ ನಿಂತ ಹೊತ್ತಿಗೆ ಸಾಗಾಟ ಶುರು.

ಯಾವುದರ ಹಿಂದೆ ಯಾವುದು ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಕಾಲುವೆಯ ನೀರಿನ ಸರದಿಯಂತೆಯೇ ಇದು: ಇಬ್ಬರು ಒಟ್ಟಿಗೆ ತೂಬು ಎತ್ತಿದರೆ ಇಬ್ಬರ ಗದ್ದೆಗೂ ಅರೆನೀರು. ಬ್ಯಾಕಪ್ಪೂ ಸಾಗಾಟವೂ ಒಂದೇ ಹೊತ್ತಿಗೆ ಬಿದ್ದರೆ ಎರಡೂ ಕುಂಟುತ್ತವೆ. ಅಷ್ಟೇ ಅಲ್ಲ; ಬ್ಯಾಕಪ್ ಕೆಲಸವು ನಕಲಿಗಾಗಿ ಕಡತಗಳನ್ನೆಲ್ಲ ಓದುತ್ತದೆ. ಬರಿಯ ಓದಿನ ಲೆಕ್ಕ ಹಿಡಿಯುವ ಏರ್ಪಾಡಾದರೆ, ಹತ್ತು ವರ್ಷದಿಂದ ಯಾರೂ ಮುಟ್ಟದ ಕಡತವೂ ನಿನ್ನೆ ಬಹಳ ಬೇಡಿಕೆಯಲ್ಲಿತ್ತೆಂದು ಅದು ಭ್ರಮಿಸೀತು. ‘ಕಡೆಯ ಬಾರಿ ಓದಿದ ದಿನ’ ಎಂಬ ನಮೂದನ್ನೂ ಪೂರ್ತಿ ನಂಬುವಂತಿಲ್ಲ. ಪ್ರತಿ ಓದಿಗೂ ಅದನ್ನು ತಿದ್ದುವುದು ಯಂತ್ರಕ್ಕೆ ಹೊರೆಯಾದುದರಿಂದ ಲಿನಕ್ಸ್ 2009ರಿಂದ ಸಾಮಾನ್ಯವಾಗಿ ದಿನಕ್ಕೊಮ್ಮೆಗಿಂತ ಹೆಚ್ಚು ತಿದ್ದುವುದಿಲ್ಲ. ನಿನ್ನೆಯ ಸಾಗಾಟ ಮುಗಿಯದೆ ಇಂದಿನದು ಆರಂಭವಾಗದಂತೆ ಒಂದು ಬೀಗವನ್ನೂ ಹಾಕಿಡಬೇಕು.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ಮಾತು ಉಳಿಯುತ್ತದೆ. ನನ್ನ ಮಟ್ಟಿಗೆ ಮುಖ್ಯವಾದುದು ಅದೇ. ಕೆಳಗಿನ ಅಂತಸ್ತಿಗೆ ಇಳಿಸುವುದು ಬೇರೆ, ಅಳಿಸುವುದು ಬೇರೆ. ಜಾಗ ಸಾಲದೆಂದು ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದು ಚಾಕರನಿಗೆ ಒಪ್ಪಿಸುವವರನ್ನು ನಾನು ಕಂಡಿದ್ದೇನೆ. ಯಾರೂ ಕೇಳಲಿಲ್ಲವೆಂದು ದೂರ ಇಡಬಹುದು. ಯಾರೂ ಕೇಳಲಿಲ್ಲವೆಂಬುದೇ ಸುಡಲು ಕಾರಣವಾಗಲಾರದು. ನಮ್ಮ ಜಿಲ್ಲೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದಿತು. ಇಲ್ಲಿನ ಹೊಲಗಳ ಹಳೆಯ ಕಾಗದಗಳಲ್ಲಿ ಉರ್ದುವಿನವೂ ಉಂಟು. ಅಂಥ ಒಂದು ಹಾಳೆ ಎರಡು ತಲೆಮಾರು ಪೆಟ್ಟಿಗೆಯ ತಳದಲ್ಲಿ ಮಲಗಿದ್ದು, ಅಣ್ಣತಮ್ಮಂದಿರ ಪಾಲಿನ ದಿನ ಒಮ್ಮೆಲೇ ಮನೆಮಂದಿಗೆಲ್ಲ ಬೇಕಾಗುತ್ತದೆ. ‘ಮೂರು ವರ್ಷ ಮುಟ್ಟದಿದ್ದರೆ ಅಳಿಸು’ ಎಂಬ ನಿಯಮಕ್ಕೆ ಅದು ಎಂದೋ ಬಲಿಯಾಗಿರುತ್ತಿತ್ತು.

ಇದಕ್ಕಿಂತ ದೊಡ್ಡ ನಿದರ್ಶನ ಮಸ್ಕಿಯ ಬೆಟ್ಟದಲ್ಲಿದೆ. ಅಲ್ಲಿಯ ಶಾಸನವನ್ನು ಬ್ರಾಹ್ಮೀ ಲಿಪಿಯಲ್ಲಿ ಕೆತ್ತಿದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು ಅದನ್ನು ಕಂಡದ್ದು 1915ರಲ್ಲಿ. ಅದುವರೆಗೆ ಬೇರೆಡೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದುವು. ಅಶೋಕ ಎಂಬ ಹೆಸರನ್ನು ಹೇಳಿದ್ದು ಈ ಕಲ್ಲು. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಹಗೇವಿನಲ್ಲಿದ್ದ ಕಡತವೆಂದರೆ ಇದೇ.

ಇಳಿಸುವಾಗ ಮರೆಯಬಾರದ ಕೆಲಸವೊಂದಿದೆ: ಹಳೆಯ ಜಾಗದಲ್ಲಿ ಒಂದು ಚೀಟಿ ಬಿಡುವುದು. ಒಳ್ಳೆಯ ಏರ್ಪಾಡಿನಲ್ಲಿ ಕಡತ ಕೆಳಗೆ ಹೋದರೂ ಹೆಸರು ಇದ್ದಲ್ಲೇ ಇರುತ್ತದೆ. ಒತ್ತಿದರೆ ತಾನಾಗಿ ಮೇಲೆ ಬರುತ್ತದೆ, ಸ್ವಲ್ಪ ತಡವಾಗಿ. ಮಸ್ಕಿಯೇ ಈಗ ತಾಲ್ಲೂಕಾಗಿದ್ದರೂ ಆ ಕಡೆಯ ಮುದುಕರು ಹಳೆಯ ಕಾಗದವೆಂದರೆ ಲಿಂಗಸುಗೂರಿನ ಬಸ್ಸನ್ನೇ ಹತ್ತುತ್ತಾರೆ. ಹೋದಲ್ಲಿ ‘ಇಂಥಲ್ಲಿದೆ’ ಎಂಬ ಒಂದು ಮಾತು ಸಿಕ್ಕರೆ ಅವರಿಗೆ ದಿನದ ಕೂಲಿ ಉಳಿಯಿತು.

ಅಂಗಡಿಯಲ್ಲಿ ಅಳಿಸುವ ಕೆಲಸವನ್ನು ಗಡಿಯಾರಕ್ಕೆ ಒಪ್ಪಿಸಿಲ್ಲ. ತಿಂಗಳ ಮೊದಲನೆಯ ತಾರೀಖು ಮಧ್ಯಾಹ್ನ, ವರ್ಷದಿಂದ ಮುಟ್ಟದ ಕಡತಗಳ ಪಟ್ಟಿಯನ್ನು ಯಂತ್ರ ಅಚ್ಚುಮಾಡಿ ಕೊಡುತ್ತದೆ. ಮಾವನವರು ಕನ್ನಡಕ ಏರಿಸಿ ಒಂದೊಂದನ್ನೇ ನೋಡುತ್ತಾರೆ. ಮದುವೆಯ ಕಾರ್ಡುಗಳಿಗೆಲ್ಲ ಗೀಟು ಬೀಳುತ್ತದೆ. ಕಳೆದ ಸಲ ಒಂದು ಹೆಸರಿನ ಮೇಲೆ ಬೆರಳಿಟ್ಟು, “ಅಳಿಯಾ, ಇದನ್ನ ಅಳಿಸಬ್ಯಾಡ. ಹೆಣ್ಣಮಗಳ ಪಾಲಿನ ಕಾಗದ ಐತಿ, ಆಕಿ ಇನ್ನೂ ಬರಾಕಿ ಅದಾಳ” ಎಂದರು. ಅದನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಹಳೆಯ ಜಾಗದಲ್ಲಿ ಚೀಟಿ ಬಿಟ್ಟಿದ್ದೇನೆ.