ಚಿಕ್ಕ ಮಕ್ಕಳಲ್ಲಿ ಕಾರಣ ತಿಳಿಯದೆ ಮರುಕಳಿಸುವ ಚರ್ಮದ ತೊಂದರೆ: ಖಜೂರಿ ಹೋಬಳಿಯ ಪೋಷಕರಿಗೆ ಮಾಹಿತಿ

ಚಿಕ್ಕ ಮಕ್ಕಳಿಗೆ ತಿಂಗಳುಗಟ್ಟಲೆ ತುರಿಕೆ, ಗುಳ್ಳೆ ಅಥವಾ ಕಲೆಗಳು ಕಾಣಿಸಿಕೊಂಡು, ಔಷಧ ಹಚ್ಚಿದಾಗ ಕಡಿಮೆಯಾಗಿ, ನಿಲ್ಲಿಸಿದಾಗ ಮತ್ತೆ ಮರುಕಳಿಸುವುದುಂಟು. ಆಳಂದ ತಾಲ್ಲೂಕಿನ ಗಡಿಭಾಗದಲ್ಲಿರುವ ಖಜೂರಿ ಹೋಬಳಿಯಂತಹ ಪ್ರದೇಶದಲ್ಲಿ ಇಂತಹ ಮಗುವನ್ನು ಮೊದಲು ಊರಿನ ಔಷಧ ಅಂಗಡಿಗೆ, ನಂತರ ಆಳಂದಕ್ಕೆ, ಅಲ್ಲಿಂದ ಉಮರ್ಗಾ ಅಥವಾ ಸೊಲ್ಲಾಪುರಕ್ಕೆ ಕರೆದೊಯ್ಯುವ ಸಂದರ್ಭಗಳಿರುತ್ತವೆ. ಪ್ರತಿ ಬಾರಿಯೂ ವೈದ್ಯರು ಹೊಸಬರು, ಮುಲಾಮು ಹೊಸದು. ಹಿಂದಿನ ಚೀಟಿ ಮನೆಯಲ್ಲಿಯೇ ಉಳಿದಿರುತ್ತದೆ. ಅನೇಕ ಸಂದರ್ಭಗಳಲ್ಲಿ ರೋಗವು ಗುರುತಾಗದಿರಲು ಅದು ಅಪರೂಪದ ರೋಗವಾಗಿರುವುದು ಕಾರಣವಲ್ಲ. ಈ ಅಲೆದಾಟ ಮತ್ತು ನಡುವೆ ಹಚ್ಚಿದ ಮುಲಾಮುಗಳೇ ಕಾರಣ. ಆದುದರಿಂದ ಪೋಷಕರು ಈ ಕೆಳಕಂಡ ಮಾಹಿತಿಯನ್ನು ಗಮನಿಸುವುದು.

ಮುಲಾಮಿನಿಂದ ರೋಗಲಕ್ಷಣ ಮರೆಯಾಗುವುದು ಹೇಗೆ?

ವೈದ್ಯರ ಚೀಟಿ ಇಲ್ಲದೆ ಕೊಳ್ಳುವ ಹಲವು ಟ್ಯೂಬ್‌ಗಳಲ್ಲಿ ಪ್ರಬಲವಾದ ಸ್ಟೀರಾಯ್ಡ್, ಶಿಲೀಂಧ್ರನಾಶಕ ಹಾಗೂ ಪ್ರತಿಜೈವಿಕ ಒಟ್ಟಿಗೆ ಬೆರೆತಿರುತ್ತವೆ. ಸ್ಟೀರಾಯ್ಡ್ ಕೆಂಪು ಮತ್ತು ತುರಿಕೆಯನ್ನು ಎರಡು ಮೂರು ದಿನಗಳಲ್ಲಿ ತಗ್ಗಿಸುವುದರಿಂದ ಗುಣವಾದಂತೆ ತೋರುತ್ತದೆ. ಹುಳುಕಡ್ಡಿಯಂತಹ ಶಿಲೀಂಧ್ರದ ಸೋಂಕಿದ್ದಲ್ಲಿ ಅದು ಒಳಗಿಂದೊಳಗೆ ಹರಡುತ್ತದೆ. ಅಂಚು ಸ್ಪಷ್ಟವಾಗಿರುವ ದುಂಡನೆಯ ಗುರುತು ಅಳಿದುಹೋಗಿ, ಅನುಭವಿ ವೈದ್ಯರಿಗೂ ಅದು ಯಾವ ರೋಗವೆಂದು ಹೇಳುವುದು ಕಷ್ಟವಾಗುತ್ತದೆ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚಾದುದರಿಂದ ಔಷಧವು ದೇಹದೊಳಗೆ ಸೇರುವ ಪ್ರಮಾಣವೂ ಹೆಚ್ಚು. ಮುಖ ಮತ್ತು ತೊಡೆಸಂದಿಯ ಚರ್ಮ ತೆಳುವಾಗುತ್ತದೆ.

ಈ ಕಾರಣದಿಂದಲೇ ಕೇಂದ್ರ ಆರೋಗ್ಯ ಸಚಿವಾಲಯವು 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ, ಅಂದರೆ ಷೆಡ್ಯೂಲ್ ಎಚ್‌ಗೆ ಸೇರಿಸಿತು. ನಿಯಮವಿದ್ದರೂ ಅಂಗಡಿಯಲ್ಲಿ ಕೇಳಿದ ಕೂಡಲೇ ಟ್ಯೂಬ್ ಸಿಗಬಹುದು. ಕೊಳ್ಳದಿರುವುದು ಪೋಷಕರ ಕೈಯಲ್ಲಿದೆ. ಹಾಗೆಂದು ಸ್ಟೀರಾಯ್ಡ್ ಎಂಬ ಹೆಸರಿಗೇ ಭಯಪಡಬೇಕಾಗಿಲ್ಲ. ಇಸಬು ಇರುವ ಮಗುವಿಗೆ ವೈದ್ಯರು ಸೌಮ್ಯವಾದ ಸ್ಟೀರಾಯ್ಡನ್ನು ನಿರ್ದಿಷ್ಟ ದಿನಗಳಿಗೆ ಬರೆದುಕೊಟ್ಟಿದ್ದಲ್ಲಿ ಅದನ್ನು ಹೇಳಿದಂತೆಯೇ ಹಚ್ಚತಕ್ಕದ್ದು. ಬಹುಕಾಲದಿಂದ ಹಚ್ಚುತ್ತಿರುವುದನ್ನು ತಾವಾಗಿಯೇ ಥಟ್ಟನೆ ನಿಲ್ಲಿಸದೆ ವೈದ್ಯರನ್ನು ಕೇಳುವುದು.

ಸಾಮಾನ್ಯವಾಗಿ ಕಂಡುಬರುವ ಕಾರಣಗಳು

ಮೊದಲು ಯೋಚಿಸಬೇಕಾದದ್ದು ತುರಿಕಜ್ಜಿ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನಿಂದ ಇದು ಬರುತ್ತದೆ. ರಾತ್ರಿ ತುರಿಕೆ ಹೆಚ್ಚುವುದು, ಬೆರಳುಗಳ ಸಂದಿಯಲ್ಲಿ ಗುಳ್ಳೆಗಳಾಗುವುದು, ಮನೆಯ ಇನ್ನೊಬ್ಬರಿಗೂ ತುರಿಕೆ ಇರುವುದು ಇದರ ಲಕ್ಷಣಗಳು. ಹಸುಳೆಗಳಿಗೆ ಅಂಗೈ, ಅಂಗಾಲು, ತಲೆ, ಮುಖದ ಮೇಲೆಯೂ ಆಗಬಹುದು. ಮೊದಲ ಬಾರಿ ತಗುಲಿದಾಗ ತುರಿಕೆ ಆರಂಭವಾಗಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ, ಏನೂ ಇಲ್ಲವೆನ್ನುವ ಅಜ್ಜಿಯಿಂದಲೋ ಅಣ್ಣನಿಂದಲೋ ಮಗುವಿಗೆ ಮತ್ತೆ ಅಂಟುತ್ತದೆ. ಮಗುವಿಗೊಂದಕ್ಕೇ ಚಿಕಿತ್ಸೆ ನೀಡಿ, ರೋಗ ಗುಣವಾಗುತ್ತಿಲ್ಲವೆಂದು ವರ್ಷವಿಡೀ ಅಲೆಯುವುದು ಹೀಗೆ. ಒಂದೇ ಸೂರಿನಡಿ ಇರುವ ಎಲ್ಲರೂ ಒಂದೇ ರಾತ್ರಿ, ವೈದ್ಯರು ತಿಳಿಸಿದ ಪರ್ಮೆಥ್ರಿನ್ ಲೇಪವನ್ನು ಹಚ್ಚಿಕೊಳ್ಳಬೇಕು. ಸಾಮಾನ್ಯವಾಗಿ ಒಂದು ಅಥವಾ ಎರಡು ವಾರದ ನಂತರ ಪುನಃ ಹಚ್ಚಬೇಕಾಗುತ್ತದೆ. ಎರಡು ತಿಂಗಳಿಗಿಂತ ಚಿಕ್ಕ ಶಿಶುವಿದ್ದಲ್ಲಿ, ಯಾರಾದರೂ ಗರ್ಭಿಣಿಯಾಗಿದ್ದಲ್ಲಿ ಮೊದಲೇ ತಿಳಿಸತಕ್ಕದ್ದು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಕೌದಿಯನ್ನು ಒಗೆಯುವುದು ಸುಲಭವಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ಬಳಸದೆ ಇಟ್ಟರೆ ಸಾಕು, ದೇಹದಿಂದ ದೂರವಾದ ಹುಳು ಹೆಚ್ಚು ದಿನ ಬದುಕದು. ಹುಳು ಸತ್ತ ಮೇಲೆಯೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಇದು ಚಿಕಿತ್ಸೆ ವಿಫಲವಾಯಿತೆಂಬುದರ ಸೂಚನೆಯಲ್ಲ.

ಎರಡನೆಯದು ಇಸಬು. ಶಿಶುವಿಗೆ ಕೆನ್ನೆಯ ಮೇಲೆ, ಬೆಳೆದಂತೆ ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳಲ್ಲಿ ಒಣಗಿ ಕೆಂಪಾಗುತ್ತದೆ. ಇದು ಅಂಟುಜಾಡ್ಯವಲ್ಲ. ಇಂತಹುದೇ ಎಂದು ಖಚಿತಪಡಿಸುವ ಒಂದು ರಕ್ತಪರೀಕ್ಷೆ ಇದಕ್ಕಿಲ್ಲ. ವೈದ್ಯರು ನೋಡಿ, ಕೇಳಿ, ಕೆಲಕಾಲ ಗಮನಿಸಿ ನಿರ್ಧರಿಸುತ್ತಾರೆ. ಹುಳುಕಡ್ಡಿಯಾದಲ್ಲಿ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯಿದೆ. ಬೇಸಿಗೆಯ ಬೆವರುಸಾಲೆ ತಂಪಾದ ಜಾಗದಲ್ಲಿ ತಾನಾಗಿಯೇ ಇಳಿಯುತ್ತದೆ.

ತುರಿಕೆಯಿಲ್ಲದ, ಸ್ಪರ್ಶಜ್ಞಾನ ಕಡಿಮೆಯಾದ ತಿಳಿಬಣ್ಣದ ಅಥವಾ ಕೆಂಪನೆಯ ಮಚ್ಚೆ ಇದ್ದಲ್ಲಿ ಕುಷ್ಠರೋಗದ ತಪಾಸಣೆ ಅಗತ್ಯ. ಮಕ್ಕಳ ಮುಖದ ಮೇಲಿನ ಬಿಳಿಚಿದ ಕಲೆಗಳೆಲ್ಲವೂ ಕುಷ್ಠವಲ್ಲ. ಕುಷ್ಠವೇ ಆಗಿದ್ದರೂ ಬಹುಔಷಧ ಚಿಕಿತ್ಸೆಯಿಂದ ಅದು ಸಂಪೂರ್ಣ ಗುಣವಾಗುತ್ತದೆ, ಔಷಧವನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ.

ರೋಗ ಗುರುತಾಗುವವರೆಗೆ ಮನೆಯಲ್ಲಿ ಆರೈಕೆ

ಉಗುರುಬೆಚ್ಚನೆಯ ನೀರಿನಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ ಸಾಕು. ಕಲ್ಲಿನಿಂದ, ಕಡಲೆ ಹಿಟ್ಟಿನಿಂದ ಉಜ್ಜಬಾರದು. ಮೈ ಇನ್ನೂ ಹಸಿಯಾಗಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಬೇಕು. ಉಗುರು ಕತ್ತರಿಸಿ, ಸಡಿಲವಾದ ಹತ್ತಿ ಬಟ್ಟೆ ತೊಡಿಸುವುದು. ರಾತ್ರಿ ಕೆರೆತ ತಾಳಲಾರದೆ ಮಗು ಅಳುವಾಗ ಒದ್ದೆ ಬಟ್ಟೆಯನ್ನು ಆ ಜಾಗಕ್ಕೆ ಕೆಲಹೊತ್ತು ಒತ್ತಿ ಹಿಡಿದರೆ ಉಪಶಮನ ದೊರೆಯುತ್ತದೆ. ಮಗು ನಿದ್ರಿಸದ ಮನೆಯಲ್ಲಿ ತಾಯಿಯೂ ನಿದ್ರಿಸಳು; ರಾತ್ರಿಯ ಆರೈಕೆಯನ್ನು ಮನೆಯವರು ಸರದಿಯ ಮೇಲೆ ಹಂಚಿಕೊಳ್ಳುವುದು ಅಪೇಕ್ಷಣೀಯ.

ನಂಜಾಗುತ್ತದೆಂದು ಮೊಟ್ಟೆ, ಹಾಲು, ಶೇಂಗಾ, ಬದನೆಕಾಯಿ ಎಲ್ಲವನ್ನೂ ಬಿಡಿಸುವ ವಾಡಿಕೆಯಿದೆ. ಒಂದು ಪದಾರ್ಥ ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಪ್ರತಿಬಾರಿ ಗಂಧೆ ಏಳುತ್ತಿದ್ದರೆ ಅದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಉಳಿದಂತೆ ಊಹೆಯ ಮೇಲೆ ಆಹಾರ ಕಡಿತಗೊಳಿಸಿದರೆ ಮಗು ಅಪೌಷ್ಟಿಕತೆಗೆ ಒಳಗಾಗುತ್ತದೆ. ತಾಯಿ ಗರ್ಭಿಣಿಯಾಗಿದ್ದಾಗ ತಿಂದದ್ದೇ ಇದಕ್ಕೆಲ್ಲ ಕಾರಣವೆಂದು ದೂಷಿಸುವುದಕ್ಕೆ ಯಾವುದೇ ಆಧಾರವಿಲ್ಲ. ಹರಕೆ, ಪೂಜೆಗಳು ಕುಟುಂಬದ ನಂಬಿಕೆಗೆ ಸೇರಿದವು. ಅವುಗಳಿಗಾಗಿ ಚಿಕಿತ್ಸೆಯನ್ನು ಮುಂದೂಡಬಾರದು.

ಎಲ್ಲಿ ತೋರಿಸಬೇಕು, ಏನನ್ನು ತರಬೇಕು?

ಮೊದಲಿಗೆ ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿ, ಅವರು ನೀಡಿದ ಚಿಕಿತ್ಸೆಯನ್ನು ಪೂರ್ಣಗೊಳಿಸಿ, ಗುಣವಾಗದಿದ್ದಲ್ಲಿ ಅದೇ ವೈದ್ಯರ ಬಳಿಗೆ ಮರಳುವುದು. ಅವರ ಶಿಫಾರಸು ಪತ್ರದೊಂದಿಗೆ ಆಳಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಕಲಬುರಗಿಯ ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಜಿಮ್ಸ್) ಆಸ್ಪತ್ರೆಗೆ ಹೋಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಜ್ಜಿ, ಶಿಲೀಂಧ್ರದ ಸೋಂಕು ಮತ್ತು ಇಸಬು ಸೇರಿವೆ. ಇದರ ಸಂಚಾರಿ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ ಭೇಟಿ ನೀಡಬೇಕಿದ್ದು, ದಿನಾಂಕವನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದು. ಪ್ರಯಾಣ ಕಷ್ಟವಾದವರು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇ-ಸಂಜೀವಿನಿ ಮೂಲಕ ವೈದ್ಯರ ಉಚಿತ ಸಲಹೆಯನ್ನು ಕೋರಬಹುದು.

ತಾಯಿ ಕಾರ್ಡ್, ಆಧಾರ್ ಮತ್ತು ಪಡಿತರ ಚೀಟಿಗಳ ಜೊತೆಗೆ ಹಿಂದಿನ ಎಲ್ಲ ಚೀಟಿಗಳನ್ನು, ಮಹಾರಾಷ್ಟ್ರದಲ್ಲಿ ಪಡೆದವುಗಳನ್ನೂ ಒಳಗೊಂಡಂತೆ ತರಬೇಕು. ಖಾಲಿಯಾದ ಟ್ಯೂಬ್‌ಗಳನ್ನು ಎಸೆಯದೆ ಒಂದು ಚೀಲದಲ್ಲಿಟ್ಟು ತರುವುದು. ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ದಾಖಲೆ ಮತ್ತೊಂದಿಲ್ಲ. ತೋರಿಸಲು ಹೋದ ದಿನವೇ ಗುಳ್ಳೆ ಇಳಿದಿರುವುದು ಸಾಮಾನ್ಯ. ಹೆಚ್ಚಾಗಿರುವ ದಿನ ಹಗಲು ಬೆಳಕಿನಲ್ಲಿ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಬೇಕು. ಯಾವ ತಿಂಗಳಲ್ಲಿ, ದೇಹದ ಯಾವ ಭಾಗದಲ್ಲಿ ಆರಂಭವಾಯಿತು, ಮನೆಯಲ್ಲಿ ಯಾರಿಗೆ ತುರಿಕೆ ಅಥವಾ ದಮ್ಮು ಇದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು. ದುಡಿಮೆಗಾಗಿ ಪುಣೆ, ಮುಂಬೈಗಳಿಗೆ ಮಕ್ಕಳೊಂದಿಗೆ ತೆರಳುವ ಕುಟುಂಬಗಳು ಈ ಚೀಲವನ್ನು ಜೊತೆಗೇ ಒಯ್ಯತಕ್ಕದ್ದು.

ತಡಮಾಡದೆ ಆಸ್ಪತ್ರೆಗೆ ಕರೆತರಬೇಕಾದ ಸಂದರ್ಭಗಳು

ಜ್ವರದೊಂದಿಗೆ ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು, ಚರ್ಮ ಸುಲಿಯುವಿಕೆ, ಶೀಘ್ರವಾಗಿ ಹರಡುವ ಕೀವು, ತುಟಿ ಅಥವಾ ಮುಖದ ಬಾವು, ಉಸಿರಾಟದ ತೊಂದರೆ, ಹಾಲು ಕುಡಿಯದೆ ಮಂಕಾಗುವುದು ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡುವುದು. ಕಜ್ಜಿಯ ಹುಣ್ಣುಗಳು ಕೀವಾದ ಕೆಲವು ವಾರಗಳಲ್ಲಿ ಮಗುವಿನ ಮುಖ ಊದಿಕೊಂಡು ಮೂತ್ರವು ಕಡಿಮೆಯಾದರೆ ಅಥವಾ ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಬಾಧೆಯಾಗಿರುವ ಸಾಧ್ಯತೆ ಇದ್ದು, ಅದೇ ದಿನ ಆಸ್ಪತ್ರೆಗೆ ತರತಕ್ಕದ್ದು. ಇತರೆ ಸಲಹೆಗಾಗಿ ಆರೋಗ್ಯ ಸಹಾಯವಾಣಿ 104 ಅನ್ನು ಸಂಪರ್ಕಿಸಬಹುದಾಗಿದೆ.