ನದಿಯಿಲ್ಲದ ದಿಣ್ಣೆಯ ಮೇಲೆ ಬೆಳೆದ ಪೇಟೆ

ಭಾರತದ ದೊಡ್ಡ ನಗರಗಳನ್ನು ಒಂದೊಂದಾಗಿ ನೆನೆದರೆ ಪಕ್ಕದಲ್ಲೇ ಒಂದು ನದಿಯೋ ಕಡಲೋ ಕಾಣಿಸುತ್ತದೆ. ದೆಹಲಿಗೆ ಯಮುನೆ, ಕೋಲ್ಕತ್ತಕ್ಕೆ ಹೂಗ್ಲಿ, ಅಹಮದಾಬಾದಿಗೆ ಸಾಬರಮತಿ, ಹೈದರಾಬಾದಿಗೆ ಮೂಸಿ. ಮುಂಬಯಿ, ಚೆನ್ನೈಗಳಿಗೆ ಸಮುದ್ರ. ಬೆಂಗಳೂರಿಗೆ ಎರಡೂ ಇಲ್ಲ. ಸಮುದ್ರ ಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಗಟ್ಟಿ ಬಂಡೆಯ ದಿಣ್ಣೆಯೊಂದರ ನೆತ್ತಿಯ ಮೇಲೆ ಈ ನಗರ ಕುಳಿತಿದೆ. ಇಲ್ಲಿನ ವ್ಯಾಪಾರ ಯಾವ ಬಗೆಯದು, ಯಾವ ಕೈಗಾರಿಕೆ ನಿಂತಿತು, ಯಾವುದು ಹೋಯಿತು, ಕಾರ್ಖಾನೆಯ ನೀರಿನ ಬಿಲ್ಲು ಏಕೆ ಏರುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರದ ದೊಡ್ಡ ಭಾಗ ಈ ನೆಲದ ಆಕಾರದಲ್ಲಿಯೇ ಅಡಗಿದೆ.

ಬಸವನಗುಡಿಯ ಕಹಳೆ ಬಂಡೆಯನ್ನೂ ಲಾಲ್‌ಬಾಗಿನ ಬಂಡೆಯನ್ನೂ ನೋಡಿದವರಿಗೆ ಇದರ ತಳಹದಿ ತಿಳಿದಂತೆಯೇ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ನೈಸ್ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಮೇಲಿನ ನೀರಿನ ಕಥೆ ಇನ್ನೂ ವಿಚಿತ್ರ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತ ಬಿದ್ದ ಮಳೆ ರಾಜಕಾಲುವೆ ಹಿಡಿದು ಶಾಂತಿನಗರದ ಮೇಲೆ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಕಡೆಗೆ ಕಡಲೂರಿನ ಬಳಿ ಸಮುದ್ರಕ್ಕೆ. ಅಲ್ಲಿಂದ ನಡಿಗೆಯ ದೂರದಲ್ಲಿರುವ ಗವಿಪುರದಲ್ಲಿ ಬಿದ್ದ ಮಳೆಯೋ ವೃಷಭಾವತಿಯಾಗಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಮಲ್ಲೇಶ್ವರದ ಕಡೆಯ ಹಳ್ಳವೂ ವೃಷಭಾವತಿಯ ಪಾಲೇ. ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಎಂಬ ಜನರ ನಂಬಿಕೆಯಲ್ಲಿ ಭೂಗೋಳದ ಸತ್ಯವೊಂದಿದೆ: ಇದು ನದಿಗಳು ಹಾದುಹೋಗುವ ಸ್ಥಳವಲ್ಲ, ಹುಟ್ಟಿ ಹೊರಟುಹೋಗುವ ಸ್ಥಳ.

ಪಶ್ಚಿಮ ಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆಯುವುದರಿಂದ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಬೆಂಗಳೂರಿಗೆ ದಕ್ಕುವುದು ಸುಮಾರು 970 ಮಿಲಿಮೀಟರ್. ಚಳ್ಳಕೆರೆಯ ಕಡೆಗೆ ಹೋದರೆ ಅದರಲ್ಲಿಯೂ ಅರ್ಧ. ನಡುವಿನ ಪ್ರಮಾಣದ ಈ ಮಳೆ, ನೀರು ಬೇಗ ಬಸಿದುಹೋಗುವ ಕೆಂಪು ಮಣ್ಣು, ಎತ್ತರದ ತಂಪು ಇವು ಸೇರಿ ಸುತ್ತಲಿನ ಬೇಸಾಯವನ್ನು ನಿರ್ಧರಿಸಿದವು. ಹೊಲದಲ್ಲಿ ರಾಗಿ, ಅವರೆ, ಕಡಲೆಕಾಯಿ. ಕೆರೆಯ ಕೆಳಗೆ ಮಾತ್ರ ಭತ್ತದ ಗದ್ದೆ. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲವಾದ್ದರಿಂದ ಮಳೆ ಕೈಕೊಟ್ಟ ವರ್ಷವನ್ನೂ ರೈತ ದಾಟುತ್ತಿದ್ದ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ, ಇಂದು ಬಡಾವಣೆಗಳಾಗಿರುವ ಸುಂಕೇನಹಳ್ಳಿ, ಗವಿಪುರ, ಮಾವಳ್ಳಿಗಳು ಒಂದು ಕಾಲಕ್ಕೆ ಕಡಲೆಕಾಯಿಯ ಹೊಲಗಳಾಗಿದ್ದುದರ ಉಳಿದ ಗುರುತು. ಹೊಲಗಳು ಹೋದರೂ ಮಾರುಕಟ್ಟೆ ಉಳಿದದ್ದು ವರ್ತಕರಿಗೆ ಅಚ್ಚರಿಯ ಸಂಗತಿಯೇನಲ್ಲ.

ರೇಷ್ಮೆಗೂ ಈ ಹವೆಯೇ ಆಧಾರ. ಹುಳುವಿಗೆ ಬೇಕಾದ ಹಿತವಾದ ಉಷ್ಣತೆ ವರ್ಷದ ಬಹುಪಾಲು ಇಲ್ಲಿ ತಾನಾಗಿ ದೊರೆಯುತ್ತದೆ. ಜಮ್‌ಶೇಟ್‌ಜಿ ಟಾಟಾ ಅವರು 19ನೇ ಶತಮಾನದ ಕೊನೆಯಲ್ಲಿ ಜಪಾನೀ ಪರಿಣತರ ನೆರವಿನಿಂದ ರೇಷ್ಮೆ ಫಾರಂ ನಡೆಸಲು ಬಸವನಗುಡಿಯ ಅಂಚನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಆ ಬಡಾವಣೆಗೆ ಇಂದಿಗೂ ಉಳಿದಿದೆ. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗಳು, ಕಬ್ಬನ್‌ಪೇಟೆಯ ಮಗ್ಗಗಳು, ಚಿಕ್ಕಪೇಟೆಯ ಸೀರೆ ಅಂಗಡಿಗಳು ಈ ಒಂದೇ ಸರಪಳಿಯ ಕೊಂಡಿಗಳು.

ನಾಲ್ಕು ದಿಕ್ಕಿನ ಸರಕು

ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಕಟ್ಟಿದಾಗ ಇಲ್ಲದ ನದಿಗೆ ಬದಲಾಗಿ ಕೆರೆಗಳನ್ನು ನೆಚ್ಚಿದರು. ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳು ಆ ಕಾಲದ ಜಲಮಂಡಲಿ ಎನ್ನಬಹುದು. (ಮೊದಲನೆಯದು ಈಗ ಬಸ್ ನಿಲ್ದಾಣ.) ನೀರು ಕೊಡದ ದಿಣ್ಣೆ ದಾರಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿತು. ಎರಡು ಕರಾವಳಿಗಳ ನಡುವಿನ ಈ ಬಯಲಿನಲ್ಲಿ ದಾಟಲು ದೊಡ್ಡ ನದಿಯಿಲ್ಲ, ಹತ್ತಲು ಕಡಿದಾದ ಘಟ್ಟವಿಲ್ಲ. ಮಳೆಗಾಲದಲ್ಲಿಯೂ ಎತ್ತಿನ ಸಾಲು ಓಡಾಡಬಹುದಾಗಿತ್ತು. ಉತ್ತರದ ಕಪ್ಪು ಮಣ್ಣಿನ ಹತ್ತಿ, ಮಲೆನಾಡಿನ ಅಡಿಕೆ, ಕಾವೇರಿ ಬಯಲಿನ ಅಕ್ಕಿ ಇಲ್ಲಿ ಕೈ ಬದಲಿಸಿದವು. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ ಎಂಬ ಹೆಸರುಗಳನ್ನು ಓದಿದರೆ ಸುತ್ತಲಿನ ನಾಡಿನ ಬೆಳೆಗಳ ಪಟ್ಟಿಯನ್ನೇ ಓದಿದಂತಾಗುತ್ತದೆ. ಈ ಪೇಟೆ ತಾನು ಬೆಳೆದದ್ದನ್ನು ಮಾರಿ ದೊಡ್ಡದಾದುದಲ್ಲ. ಬೇರೆ ಬೇರೆ ಮಣ್ಣುಗಳ ಬೆಳೆಗಳು ಸಂಧಿಸುವ ಸ್ಥಳವಾದ್ದರಿಂದ ದೊಡ್ಡದಾಯಿತು. 1864ರಲ್ಲಿ ಜೋಲಾರಪೇಟೆಯ ಮಾರ್ಗವಾಗಿ ಮದರಾಸಿನ ರೈಲು ಬಂದ ಮೇಲೆ ಈ ಸ್ಥಾನ ಇನ್ನಷ್ಟು ಗಟ್ಟಿಯಾಯಿತು.

ಪೇಟೆ ತುಂಬಿದಾಗ ಊರು ಹೊರಕ್ಕೆ ಚಾಚಿತು. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಗಾಳಿ ಬೆಳಕುಗಳೊಡನೆ ಎತ್ತರದ, ನೀರು ನಿಲ್ಲದ ಜಾಗಗಳಲ್ಲಿ ಬೆಳೆದವು. ವಾಸಕ್ಕೆ ಒಳ್ಳೆಯದಾದ ಆ ಎತ್ತರವೇ ನೀರು ಪೂರೈಸುವವರಿಗೆ ತಲೆನೋವಾಯಿತು.

ಇಳಿದ ನೀರು, ಏರಿದ ನೀರು

ನೀರಿನ ದಾಖಲೆಯನ್ನು ನೋಡಿದರೆ ನಗರವು ಪ್ರತಿ ಸಲವೂ ಇನ್ನಷ್ಟು ದೂರಕ್ಕೆ, ಇನ್ನಷ್ಟು ತಗ್ಗಿಗೆ ಕೈ ಚಾಚಿರುವುದು ತಿಳಿಯುತ್ತದೆ. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ, ಅದು ಸಾಲದಾದಾಗ 1933ರಲ್ಲಿ ಅರ್ಕಾವತಿ, ಕುಮುದ್ವತಿಗಳ ಸಂಗಮದ ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ. ಶಿವನಸಮುದ್ರದ ಬಳಿ ನದಿಯಿಂದ ತಿರುಗಿಸಿದ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತವಾಗಿ ಸುಮಾರು 500 ಮೀಟರ್ ಮೇಲೇರಿ, ನೂರು ಕಿಲೋಮೀಟರಿನಷ್ಟು ದೂರ ಸಾಗಿ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರ ಕಂಗಾಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಐದನೆಯ ಹಂತ ಉದ್ಘಾಟನೆಯಾಯಿತು.

ಇದರ ಖರ್ಚನ್ನು ವರ್ತಕರ ಲೆಕ್ಕದಲ್ಲಿಯೇ ಹಾಕಬಹುದು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು, ಯಾವ ನಷ್ಟವೂ ಇಲ್ಲವೆಂದುಕೊಂಡರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಸೇರಿದರೆ ಅದಕ್ಕಿಂತ ಹೆಚ್ಚು. ಆದ್ದರಿಂದ ಬೆಂಗಳೂರಿನಲ್ಲಿ ನೀರಿನ ದರವೆಂದರೆ ಬಹುಮಟ್ಟಿಗೆ ವಿದ್ಯುತ್ತಿನ ದರ. ಸುಮಾರು ಹನ್ನೊಂದು ವರ್ಷ ಬದಲಾಗದಿದ್ದ ದರವನ್ನು 2025ರ ಏಪ್ರಿಲ್‌ನಲ್ಲಿ ಏರಿಸಿದಾಗ ಉದ್ಯಮಿಗಳು ಗೊಣಗಿದರು. ಆದರೆ ಈ ಬಂಡೆಯ ಎತ್ತರವನ್ನು ಯಾವ ಸರ್ಕಾರವೂ ಇಳಿಸಲಾರದು.

ಇದೇ ಎತ್ತರ ಮೊದಲು ಲಾಭವನ್ನೂ ತಂದಿತ್ತು. ಅದೇ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಶಕ್ತಿಯಿಂದ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಕಲ್ಲಿದ್ದಲಿನ ಗಣಿಗಳಿಂದ ಬಹು ದೂರವಿದ್ದ ಊರಿಗೆ ಕಲ್ಲಿದ್ದಲಿಲ್ಲದೆಯೇ ಯಂತ್ರ ತಿರುಗಿಸುವ ಅವಕಾಶ ಒದಗಿತು. ಹೀಗೆ ನದಿಯ ನೀರಿಗಿಂತ ಏಳು ದಶಕ ಮುಂಚೆಯೇ ನದಿಯ ವಿದ್ಯುತ್ ಇಲ್ಲಿಗೆ ಬಂದಿತ್ತು. ಇಲ್ಲಿನ ಕೈಗಾರಿಕೆಯ ಸ್ವಭಾವವನ್ನು ಅರಿಯಲು ಈ ಅನುಕ್ರಮ ಮುಖ್ಯ.

ಯಾವುದು ನಿಂತಿತು

ಚೆನ್ನೈ ಬಂದರು 350 ಕಿಲೋಮೀಟರಿನಷ್ಟು ದೂರ. ಮಂಗಳೂರೂ ಸುಮಾರು ಅಷ್ಟೇ, ನಡುವೆ ಘಟ್ಟ ಬೇರೆ. ತೂಕದ ಕಚ್ಚಾಮಾಲನ್ನು ಇಲ್ಲಿಗೆ ಹೊತ್ತು ತಂದು, ತೂಕದ ಸರಕನ್ನು ಹೊರಗೆ ಕಳಿಸುವವನಿಗೆ ಸಾಗಾಣಿಕೆಯಲ್ಲಿಯೇ ಲಾಭ ಕರಗುತ್ತದೆ. ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಕಟ್ಟದೆ, ಅದಿರು, ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಒಟ್ಟಿಗೆ ದೊರೆಯುವ ಭದ್ರಾವತಿಯಲ್ಲಿ ಕಟ್ಟಿತು. ಬೆಂಗಳೂರಿಗೆ ಬಂದವು ತೂಕ ಕಡಿಮೆ, ಬೆಲೆ ಮತ್ತು ಕುಶಲತೆ ಹೆಚ್ಚು ಇರುವ ಉದ್ಯಮಗಳು: 1940ರಲ್ಲಿ ವಿಮಾನ, 1948ರಲ್ಲಿ ದೂರವಾಣಿ, 1953ರಲ್ಲಿ ಯಂತ್ರೋಪಕರಣ, 1954ರಲ್ಲಿ ಎಲೆಕ್ಟ್ರಾನಿಕ್ಸ್. ಯುದ್ಧಕಾಲದಲ್ಲಿ ಕರಾವಳಿಯಿಂದಲೂ ಗಡಿಯಿಂದಲೂ ದೂರವಿರುವುದೇ ಅರ್ಹತೆಯಾಯಿತು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುತ್ತ ರಾಜಾಜಿನಗರ, ಪೀಣ್ಯಗಳ ಸಣ್ಣ ಘಟಕಗಳು ಬೆಳೆದವು.

ಬಟ್ಟೆ ಗಿರಣಿಗಳ ಕಥೆ ಬೇರೆ. 1884ರಲ್ಲಿ ಆರಂಭವಾದ ಬಿನ್ನಿ ಗಿರಣಿಯಾಗಲಿ, ಮಲ್ಲೇಶ್ವರದ ರಾಜಾ ಮಿಲ್ ಆಗಲಿ ಇಂದು ಇಲ್ಲ. ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಎದ್ದಿದೆ. ಅವು ಮುಚ್ಚಿದ್ದು ನೀರಿನ ಕಾರಣಕ್ಕೆ ಎಂದು ಹೇಳಿದರೆ ತಪ್ಪಾಗುತ್ತದೆ. ಹಳೆಯ ಯಂತ್ರ, ವಿದ್ಯುತ್ ಮಗ್ಗದ ಪೈಪೋಟಿ, ಏರಿದ ನಿವೇಶನದ ಬೆಲೆ ಎಲ್ಲವೂ ಕೂಡಿದವು. ಆದರೂ ಬಣ್ಣ, ಬ್ಲೀಚಿಂಗ್, ಎಲೆಕ್ಟ್ರೋಪ್ಲೇಟಿಂಗ್‌ನಂತಹ ನೀರು ಬೇಡುವ, ಮಲಿನ ನೀರು ಬಿಡುವ ಕೆಲಸಕ್ಕೆ ಈ ದಿಣ್ಣೆ ಎಂದೂ ಅನುಕೂಲವಾಗಿರಲಿಲ್ಲ. ದೊಡ್ಡ ನದಿಯಲ್ಲಿ ಕರಗಿಹೋಗುವಷ್ಟು ಕೊಳೆ, ಹುಟ್ಟುವ ಹಂತದಲ್ಲಿರುವ ಹಳ್ಳವನ್ನು ಕೊಂದುಬಿಡುತ್ತದೆ. ವೃಷಭಾವತಿಯ ನೀರು ತುಂಬುವ ಬೈರಮಂಗಲ ಕೆರೆಯ ಕೆಳಗಿನ ರೈತರು ಇದರ ಬೆಲೆಯನ್ನು ತೆತ್ತಿದ್ದಾರೆ. ಹೊಸ ಘಟಕಕ್ಕೆ ಜಾಗ ನೋಡುವ ಸಣ್ಣ ಉದ್ಯಮಿ ನಿವೇಶನದ ಬೆಲೆಯ ಜೊತೆಗೆ, ಪ್ರತಿ ನೂರು ರೂಪಾಯಿ ಸರಕಿಗೆ ಎಷ್ಟು ನೀರು, ಎಷ್ಟು ತೂಕ ಎಂಬುದನ್ನೂ ಕೇಳಿಕೊಳ್ಳಬೇಕು. ಒಣ ಕೆಲಸವನ್ನು ಇಲ್ಲಿಯೇ ಉಳಿಸಿಕೊಂಡು, ಒದ್ದೆ ಕೆಲಸವನ್ನು ಸಾಮೂಹಿಕ ಶುದ್ಧೀಕರಣ ವ್ಯವಸ್ಥೆಯಿರುವ ಕಡೆಗೆ ಕಳಿಸುವುದು ಹಲವರಿಗೆ ಲಾಭಕರವಾದೀತು.

ದಿಣ್ಣೆಯವರಿಗೆ ಎತ್ತದೆಯೇ ದೊರೆಯುವ ನೀರು ಮಳೆಯದು ಮಾತ್ರ. 2009ರಿಂದ ನಿಗದಿತ ಅಳತೆಗೆ ಮೇಲ್ಪಟ್ಟ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಹತ್ತು ಸಾವಿರ ಚದರ ಅಡಿ ಚಾವಣಿಯ ಗೋದಾಮಿನ ಮೇಲೆ ಸಾಧಾರಣ ವರ್ಷದಲ್ಲಿ ಸುಮಾರು ಒಂಬತ್ತು ಲಕ್ಷ ಲೀಟರ್ ಮಳೆ ಬೀಳುತ್ತದೆ. ಐದನೆಯ ಒಂದು ಪಾಲು ವ್ಯರ್ಥವಾದರೂ ಏಳು ಲಕ್ಷ ಲೀಟರ್ ಕೈಗೆ ಸಿಗುತ್ತದೆ. ಈ ಮಳೆಯ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮೂರು ತಿಂಗಳಲ್ಲಿ ಸುರಿಯುವುದರಿಂದ, ತೊಟ್ಟಿಯ ಅಳತೆಯನ್ನು ವರ್ಷದ ಸರಾಸರಿಯ ಮೇಲಲ್ಲ, ಆ ಮೂರು ತಿಂಗಳ ಮಳೆಯ ಮೇಲೆ ನಿಗದಿಪಡಿಸಬೇಕಾಗುತ್ತದೆ.